ಬೇಡಿದ್ದು ಒಂದು, ಬಂದದ್ದು ನಾಲ್ಕು: ಗಂಗಾವತಿಯ ಕಂಪ್ಯೂಟರ್ ಸೆಂಟರೊಂದರ ಪ್ರಕರಣ ಅಧ್ಯಯನ

ಗಂಗಾವತಿಯ ತಾಲ್ಲೂಕು ಕಚೇರಿಗೆ ಸಮೀಪದಲ್ಲಿರುವ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಡೆದ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆ ಅಂಗಡಿಯ ಯಂತ್ರಗಳ ದುರಸ್ತಿ ಮತ್ತು ನಿರ್ವಹಣೆ ನನ್ನ ಕೆಲಸ. ಉಚಿತ ತಂತ್ರಾಂಶವನ್ನು ಯಂತ್ರಕ್ಕೆ ಹಾಕುವ ಕಡತದ, ಅಂದರೆ ಇನ್‌ಸ್ಟಾಲರಿನ, ಒಳಗೆ ಕೇಳದ ತಂತ್ರಾಂಶಗಳನ್ನು ಸೇರಿಸಿ ಕಳಿಸುವ ಪದ್ಧತಿ ಹಳೆಯದು. ಅದರ ವಿರುದ್ಧ ಎಲ್ಲರೂ ಹೇಳುವ ‘ಓದಿ ನೋಡಿ ಒತ್ತಿರಿ’ ಎಂಬ ಬುದ್ಧಿಮಾತೂ ಅಷ್ಟೇ ಹಳೆಯದು. ಇಂಥ ಅಂಗಡಿಗಳಲ್ಲಿ ಆ ಬುದ್ಧಿಮಾತು ಏಕೆ ಉಪಯೋಗಕ್ಕೆ ಬರುವುದಿಲ್ಲ ಎಂಬುದು ಈ ಪ್ರಕರಣದಲ್ಲಿ ನಿಚ್ಚಳವಾಗಿ ಕಾಣುವುದರಿಂದ ಇದನ್ನು ಆರಿಸಿಕೊಂಡಿದ್ದೇನೆ. ಅಂಗಡಿಯ ಹೆಸರನ್ನಾಗಲಿ, ತಂತ್ರಾಂಶ ಇಳಿಸಿಕೊಂಡ ತಾಣದ ಹೆಸರನ್ನಾಗಲಿ ಹೇಳುವುದಿಲ್ಲ. ಆ ಬಗೆಯ ತಾಣಗಳು ಹಲವಿವೆ, ಒಂದನ್ನು ಹೆಸರಿಸಿದರೆ ಉಳಿದವು ಸುರಕ್ಷಿತವೆಂಬ ಭಾವನೆ ಬರುತ್ತದೆ.

ಅಂಗಡಿ ಮತ್ತು ದೂರು

ಅಂಗಡಿಯಲ್ಲಿ ಮೂರು ಕಂಪ್ಯೂಟರ್‌ಗಳಿವೆ. ಒಳಗಿನ ಯಂತ್ರದಲ್ಲಿ ಮಾಲೀಕರೇ ಕುಳಿತು ಲಗ್ನಪತ್ರಿಕೆ, ಬ್ಯಾನರ್, ರೈಸ್ ಮಿಲ್‌ಗಳ ಚೀಲದ ಮೇಲಿನ ಗುರುತು ಮುಂತಾದ ಡಿಟಿಪಿ ಕೆಲಸ ಮಾಡುತ್ತಾರೆ. ಮುಂಗಟ್ಟೆಯ ಎರಡು ಯಂತ್ರಗಳಲ್ಲಿ ಕೆಲಸದ ಹುಡುಗರು ಪಹಣಿ ತೆಗೆದುಕೊಡುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು ಮುಂತಾದ ಆನ್‌ಲೈನ್ ಕೆಲಸ ಮಾಡುತ್ತಾರೆ. ಕಾಲೇಜು ಪ್ರವೇಶದ ದಿನಗಳಲ್ಲಿ, ಅರ್ಜಿಯ ಕೊನೆಯ ದಿನಾಂಕ ಹತ್ತಿರವಾದಾಗ, ಕಾರಟಗಿ, ಕನಕಗಿರಿ ಕಡೆಯಿಂದ ಬಸ್ ಹಿಡಿದು ಬಂದ ಜನ ಅಂಗಡಿಯ ಮೆಟ್ಟಿಲಿನವರೆಗೂ ನಿಂತಿರುತ್ತಾರೆ. ಅಂಥ ವೇಳೆಯಲ್ಲಿ ಸರ್ಕಾರಿ ಜಾಲತಾಣ ‘ಅಂಕಪಟ್ಟಿ ಮತ್ತು ಪ್ರಮಾಣಪತ್ರಗಳನ್ನು ಒಂದೇ ಪಿಡಿಎಫ್ ಆಗಿ, ಇಷ್ಟು ಕೆಬಿಯೊಳಗೆ ಸೇರಿಸಿ’ ಎಂದು ಕೇಳಿದರೆ, ಅದಕ್ಕೆ ಬೇಕಾದ ತಂತ್ರಾಂಶವನ್ನು ಆಗಿಂದಾಗಲೇ ಹುಡುಕಿ ಹಾಕಿಕೊಳ್ಳುವುದು ಹುಡುಗರ ರೂಢಿಯಾಗಿತ್ತು.

ನನಗೆ ಬಂದ ದೂರು ಇದಕ್ಕೆ ಸಂಬಂಧಿಸಿದ್ದೆಂದು ಯಾರಿಗೂ ಅನ್ನಿಸಿರಲಿಲ್ಲ. ಮುಂಗಟ್ಟೆಯ ಒಂದು ಯಂತ್ರದಲ್ಲಿ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ತೆರೆದುಕೊಳ್ಳುತ್ತಿತ್ತು, ಆದರೆ ಕೀಲಿ ಒತ್ತಿದರೆ ಕನ್ನಡ ಮೂಡುತ್ತಿರಲಿಲ್ಲ. ಮಾಲೀಕರು ಕೀಬೋರ್ಡ್ ಕೆಟ್ಟಿದೆಯೆಂದು ತಿಳಿದು ಹೊಸದನ್ನು ತಂದು ಹಾಕಿದ್ದರು. ಅದರಿಂದಲೂ ಸರಿಹೋಗದಿದ್ದಾಗ ನುಡಿಯನ್ನೇ ತೆಗೆದು ಮತ್ತೆ ಹಾಕಿಸಿದ್ದರು. ಮಾತಿನ ನಡುವೆ, ಮುಖ್ಯವಲ್ಲದ ಸಂಗತಿಯೆಂಬಂತೆ, ಮತ್ತೆರಡು ವಿಷಯ ಹೇಳಿದರು: ಯಂತ್ರ ಈಚೆಗೆ ಬಹಳ ನಿಧಾನವಾಗಿದೆ, ಮತ್ತು ‘ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆ’ ಎಂಬ ಕೆಂಪು ಪೆಟ್ಟಿಗೆಯೊಂದು ಆಗಾಗ ಮೂಲೆಯಲ್ಲಿ ಬಂದು ಹಣ ಕಟ್ಟಲು ಹೇಳುತ್ತಿದೆ. ಹಣ ಕಟ್ಟಿಬಿಡೋಣವೇ ಎಂದೂ ಅವರು ಯೋಚಿಸುತ್ತಿದ್ದರು. “ಇವಾ ಏನೋ ಗೇಮ್ ಹಾಕ್ಯಾನ್ರಿ ಸರ” ಎಂದು ಅವರು ಹುಡುಗನ ಕಡೆ ನೋಡಿದರೆ, ಹುಡುಗ “ಇಲ್ಲ ಅಣ್ಣಾರ, ಪಿಡಿಎಫ್ ಜೋಡಿಸೋದು ಒಂದ ಹಾಕೀನಿ, ಬ್ಯಾರೆ ಏನೂ ಮುಟ್ಟಿಲ್ಲ” ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು.

ಹಿನ್ನೋಟದ ಶೋಧ

ವಿಂಡೋಸ್‌ನ ಕಂಟ್ರೋಲ್ ಪ್ಯಾನಲಿನಲ್ಲಿರುವ ತಂತ್ರಾಂಶಗಳ ಪಟ್ಟಿಯನ್ನು ಹಾಕಿದ ದಿನಾಂಕದ ಕ್ರಮದಲ್ಲಿ ಜೋಡಿಸುವುದು ಇಂಥ ಶೋಧದ ಮೊದಲ ಹೆಜ್ಜೆ. ಒಂದೇ ದಿನಾಂಕದ ಅಡಿಯಲ್ಲಿ ಪಿಡಿಎಫ್ ಉಪಕರಣ, ಮೂವತ್ತು ದಿನದ ಉಚಿತ ಅವಧಿಯ ಒಂದು ಆ್ಯಂಟಿವೈರಸ್, ಮತ್ತು ಡ್ರೈವರ್‌ಗಳನ್ನು (ಪ್ರಿಂಟರಿನಂಥ ಭಾಗಗಳನ್ನು ನಡೆಸುವ ತಂತ್ರಾಂಶಗಳನ್ನು) ನವೀಕರಿಸುವುದಾಗಿ ಹೇಳಿಕೊಳ್ಳುವ ಒಂದು ತಂತ್ರಾಂಶ ಕಂಡುಬಂದವು. ನಾಲ್ಕನೆಯದು ಆ ಪಟ್ಟಿಯಲ್ಲಿರಲಿಲ್ಲ. ಅದು ಕ್ರೋಮ್ ಬ್ರೌಸರಿನೊಳಗೆ ವಿಸ್ತರಣೆಯಾಗಿ, ಅಂದರೆ ಬ್ರೌಸರಿಗೆ ಅಂಟಿಕೊಳ್ಳುವ ಕಿರುತಂತ್ರಾಂಶವಾಗಿ, ಕುಳಿತು, ಹುಡುಕಾಟದ ಯಂತ್ರವನ್ನೂ ಹೊಸ ಟ್ಯಾಬಿನ ಪುಟವನ್ನೂ ಬದಲಿಸಿತ್ತು. ವಿಂಡೋಸ್‌ನಲ್ಲೇ ಇರುವ ‘ರಿಲಯಬಿಲಿಟಿ ಮಾನಿಟರ್’ ಎಂಬ ಪುಟ, ಯಾವ ದಿನ ಯಾವ ತಂತ್ರಾಂಶ ಬಂತು, ಯಾವುದು ಕುಸಿಯಿತು ಎಂಬುದನ್ನು ದಿನಚರಿಯಂತೆ ಇಟ್ಟಿರುತ್ತದೆ. ಬಹಳ ಮಂದಿ ದುರಸ್ತಿಗಾರರು ಅದನ್ನು ತೆರೆಯುವುದೇ ಇಲ್ಲ. ಅದರ ಪ್ರಕಾರ ಆ್ಯಂಟಿವೈರಸ್ ಪಿಡಿಎಫ್ ಉಪಕರಣದ ಜೊತೆಯಲ್ಲೇ ಬಂದಿತ್ತು, ಡ್ರೈವರ್ ತಂತ್ರಾಂಶ ಸ್ವಲ್ಪ ಹೊತ್ತು ಬಿಟ್ಟು ಬಂದಿತ್ತು.

ಈ ತಡ ಆಕಸ್ಮಿಕವಲ್ಲ. ಮುಖ್ಯ ತಂತ್ರಾಂಶ ಮುಗಿದ ಕೂಡಲೇ ಜಾಗರೂಕನಾದವನು ಪಟ್ಟಿ ತೆರೆದು ನೋಡಬಹುದು. ಆಗ ಅಲ್ಲಿ ಏನೂ ಇರಬಾರದು. ಒರಾಕಲ್ ಕಂಪನಿಯ ಜಾವಾ ಇನ್‌ಸ್ಟಾಲರಿನ ಜೊತೆ ವರ್ಷಗಟ್ಟಲೆ ಬರುತ್ತಿದ್ದ ‘ಆಸ್ಕ್ ಟೂಲ್‌ಬಾರ್’ ಎಂಬ ಬ್ರೌಸರ್ ಪಟ್ಟಿ, ಜಾವಾ ಮುಗಿದ ಬಳಿಕ ಹತ್ತು ನಿಮಿಷ ಕಾದು ಒಳಬರುತ್ತಿದ್ದುದನ್ನು 2013ರಲ್ಲಿ ಸಂಶೋಧಕರು ತೋರಿಸಿಕೊಟ್ಟಿದ್ದರು. ಆ ಉಪಾಯ ಇಂದಿಗೂ ಬಳಕೆಯಲ್ಲಿದೆ.

ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಮೂಲ ಇನ್‌ಸ್ಟಾಲರ್ ಕಡತ ಹಾಗೆಯೇ ಉಳಿದಿತ್ತು. ಅದರ ಗಾತ್ರ ಎರಡು ಎಂಬಿಗಿಂತ ಕಡಿಮೆ. ಅದೇ ಉಪಕರಣವನ್ನು ತಯಾರಿಸಿದವರ ಸ್ವಂತ ತಾಣದಲ್ಲಿರುವ ಕಡತ ಅದರ ಹತ್ತಾರು ಪಟ್ಟು ದೊಡ್ಡದು. ಅಂದರೆ ಹುಡುಗ ಇಳಿಸಿಕೊಂಡದ್ದು ತಂತ್ರಾಂಶವನ್ನಲ್ಲ, ಆ ತಂತ್ರಾಂಶವನ್ನೂ ಅದರ ಜೊತೆಗೆ ಇತರ ಸರಕನ್ನೂ ಇಂಟರ್‌ನೆಟ್ಟಿನಿಂದ ತರಿಸುವ ಒಂದು ಸಣ್ಣ ಹೊದಿಕೆಯನ್ನು. ಕಡತದ ಪ್ರಾಪರ್ಟೀಸ್ ತೆರೆದು ಡಿಜಿಟಲ್ ಸಹಿಯ ಪುಟ ನೋಡಿದಾಗ, ಅಲ್ಲಿದ್ದ ಹೆಸರಿಗೂ ಪಿಡಿಎಫ್ ಉಪಕರಣ ಬರೆದವರಿಗೂ ಸಂಬಂಧವಿರಲಿಲ್ಲ. ಸಹಿ ಮಾತ್ರ ಸಿಂಧುವಾಗಿತ್ತು. ಸಹಿ ಇದೆಯೆಂದರೆ ಕಳಿಸಿದವರು ಇಂಥವರು ಎಂದು ತಿಳಿಯುತ್ತದೆ, ಅವರು ಒಳ್ಳೆಯವರೆಂದು ತಿಳಿಯುವುದಿಲ್ಲ. ಹಾಗೆಯೇ, ಬ್ರೌಸರಿನಿಂದ ಇಳಿಸಿದ ಕಡತಕ್ಕೆ ವಿಂಡೋಸ್ ಅಂಟಿಸಿಡುವ ‘ಜೋನ್ ಐಡೆಂಟಿಫೈಯರ್’ ಎಂಬ ಅಡಗಿದ ಚೀಟಿಯಲ್ಲಿ ಅದು ಬಂದ ವಿಳಾಸ ದಾಖಲಾಗಿತ್ತು. ಹುಡುಗ ತಯಾರಕರ ತಾಣಕ್ಕೆ ಹೋಗಿರಲೇ ಇಲ್ಲ. ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲಿದ್ದ ಜಾಹೀರಾತನ್ನು ಒತ್ತಿ, ಯಾವುದೋ ಡೌನ್‌ಲೋಡ್ ತಾಣದ ದೊಡ್ಡ ಹಸಿರು ಗುಂಡಿಯ ಮೂಲಕ ಬಂದಿದ್ದ.

ನಾಲ್ಕು ಪರದೆಗಳು

ಹುಡುಗ ಏನನ್ನು ನೋಡಿದನೆಂದು ತಿಳಿಯದೆ ಅವನನ್ನು ದೂರುವುದು ಸರಿಯಲ್ಲವೆಂದು, ಅದೇ ಕಡತವನ್ನು ಬೇರೆ ಯಾವ ಯಂತ್ರಕ್ಕೂ ತಾಗದಂತೆ ವರ್ಚುವಲ್ ಯಂತ್ರವೊಂದರಲ್ಲಿ (ಕಂಪ್ಯೂಟರಿನೊಳಗೇ ನಡೆಯುವ ನಕಲು ಕಂಪ್ಯೂಟರ್) ಓಡಿಸಿ ನೋಡಿದೆ.

ಮೊದಲ ಪರದೆಯಲ್ಲಿ ಪಿಡಿಎಫ್ ಉಪಕರಣದ ಹೆಸರು, ಅದರ ಚಿಹ್ನೆ, ಕೆಳಗೆ ‘ಎಕ್ಸ್‌ಪ್ರೆಸ್, ಶಿಫಾರಸು ಮಾಡಲಾಗಿದೆ’ ಎಂಬ ದಪ್ಪ ಗುಂಡಿ. ಅದರ ಪಕ್ಕದಲ್ಲಿ ತೆಳು ಬೂದು ಅಕ್ಷರದಲ್ಲಿ ‘ಕಸ್ಟಮ್’. ಎಕ್ಸ್‌ಪ್ರೆಸ್ ಒತ್ತಿದರೆ ಡ್ರೈವರ್ ತಂತ್ರಾಂಶಕ್ಕೆ ಒಪ್ಪಿಗೆ ಕೊಟ್ಟಂತಾಗುತ್ತದೆ ಎಂಬ ವಾಕ್ಯ ಅದೇ ಪರದೆಯ ಅಡಿಯಲ್ಲಿ, ಪರವಾನಗಿ ನಿಯಮಗಳ ಸಾಲಿನ ನಡುವೆ ಇತ್ತು. ಎರಡನೆಯ ಪರದೆಯ ಅಳತೆ, ಬಣ್ಣ, ಗುಂಡಿಯ ಜಾಗ ಎಲ್ಲವೂ ಮೊದಲಿನದರಂತೆಯೇ ಇದ್ದವು, ಆದರೆ ಅದು ಬ್ರೌಸರ್ ವಿಸ್ತರಣೆಯ ಜಾಹೀರಾತು. ‘ಮುಂದೆ’ ಎಂದು ಇರಬೇಕಾದ ಜಾಗದಲ್ಲಿ ‘ಒಪ್ಪುತ್ತೇನೆ’ ಎಂದಿತ್ತು. ‘ನಿರಾಕರಿಸು’ ಎಂಬುದು ನಿಷ್ಕ್ರಿಯ ಗುಂಡಿಯೆಂಬಂತೆ ಮಸುಕಾಗಿತ್ತು. ನಿರಾಕರಿಸಿದರೆ ಇಡೀ ಇನ್‌ಸ್ಟಾಲೇಶನ್ ರದ್ದಾಗುತ್ತದೆಯೇನೋ ಎಂಬ ಸಂಶಯ ನನಗೂ ಒಂದು ಕ್ಷಣ ಬಂತು, ಆದರೆ ಹಾಗೇನೂ ಆಗುವುದಿಲ್ಲ. ಮೂರನೆಯದರಲ್ಲಿ ಆ್ಯಂಟಿವೈರಸ್, ಪೆಟ್ಟಿಗೆಯಲ್ಲಿ ಮೊದಲೇ ಟಿಕ್ ಹಾಕಿತ್ತು. ನಾಲ್ಕನೆಯ ಪರದೆಯಲ್ಲಿ ಬ್ರೌಸರಿನ ಈಗಿನ ಹುಡುಕಾಟದ ವ್ಯವಸ್ಥೆಯನ್ನು ‘ಉಳಿಸಿಕೊಳ್ಳದಿರಲು ಇಚ್ಛಿಸದಿದ್ದರೆ’ ಟಿಕ್ ತೆಗೆಯಿರಿ ಎಂಬ ಅರ್ಥ ಬರುವ ಇಂಗ್ಲಿಷ್ ವಾಕ್ಯವಿತ್ತು. ಎರಡು ನಕಾರಗಳನ್ನು ಬಿಡಿಸಿ ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಮತ್ತೊಮ್ಮೆ ಓದಬೇಕು. ಕೌಂಟರಿನಾಚೆ ಹತ್ತು ಜನ ನಿಂತಿರುವಾಗ, ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಅದನ್ನು ಬಿಡಿಸಲಿ ಎಂದು ನಿರೀಕ್ಷಿಸುವುದು ಹೇಗೆ?

ಮುಖ್ಯ ಸಂಗತಿ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಈ ಇನ್‌ಸ್ಟಾಲರ್ ಯಾವುದನ್ನೂ ಗೋಡೆ ಹಾರಿ ತರಲಿಲ್ಲ, ಪ್ರತಿಯೊಂದಕ್ಕೂ ಅನುಮತಿ ಕೇಳಿತು, ಅನುಮತಿ ಸಿಕ್ಕಿತು. ಆದರೆ ಅನುಮತಿ ಕೊಟ್ಟವನು ಯಂತ್ರದ ಒಡೆಯನಲ್ಲ. ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವನು ಅದನ್ನು ಪ್ರಶ್ನೆಯೆಂದೇ ಗುರುತಿಸಲಿಲ್ಲ, ಏಕೆಂದರೆ ಅದನ್ನು ಪ್ರಶ್ನೆಯಂತೆ ಕಾಣದ ಹಾಗೆ ರಚಿಸಲಾಗಿತ್ತು. ಮನೆಯಲ್ಲಿ ಬಿಡುವಾಗಿ ಕುಳಿತು ತನ್ನ ಸ್ವಂತ ಲ್ಯಾಪ್‌ಟಾಪಿಗೆ ತಂತ್ರಾಂಶ ಹಾಕಿಕೊಳ್ಳುವವನಿಗೆ ‘ಓದಿ ಒತ್ತಿರಿ’ ಎಂಬ ಸಲಹೆ ಸಲ್ಲುತ್ತದೆ. ಯಂತ್ರ ಒಬ್ಬರದು, ಕೈ ಮತ್ತೊಬ್ಬರದು, ಅವಸರ ಎದುರಿಗೆ ನಿಂತ ಮೂರನೆಯವರದು ಎನ್ನುವ ಕೌಂಟರಿನಲ್ಲಿ ಆ ಸಲಹೆಯನ್ನು ಯಾರಿಗೆ ಕೊಡಬೇಕೆಂಬುದೇ ತಿಳಿಯುವುದಿಲ್ಲ.

ಇದರ ಹಿಂದಿನ ಹಣದ ಲೆಕ್ಕ ಗೊತ್ತಿದ್ದರೆ ಪರದೆಗಳು ಹೀಗೇಕಿವೆ ಎಂಬುದೂ ಗೊತ್ತಾಗುತ್ತದೆ. ಗೂಗಲ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೀಗೆ ಒಂದರ ಜೊತೆ ಮತ್ತೊಂದು ತಂತ್ರಾಂಶ ಸೇರಿಸಿ ಹಂಚುವ ಜಾಲಗಳಲ್ಲಿ ಜಾಹೀರಾತುದಾರರು ಒಂದೊಂದು ಇನ್‌ಸ್ಟಾಲ್‌ಗೆ ದೇಶವನ್ನು ನೋಡಿ 10 ಸೆಂಟಿನಿಂದ ಒಂದೂವರೆ ಡಾಲರ್‌ವರೆಗೆ ಕೊಡುತ್ತಿದ್ದರು. ಆ ಬಗೆಯ ತಂತ್ರಾಂಶದ ಬಗ್ಗೆ ಗೂಗಲ್‌ನ ಸೇಫ್ ಬ್ರೌಸಿಂಗ್ ಎಂಬ ಸುರಕ್ಷತಾ ಸೇವೆ ವಾರಕ್ಕೆ 6 ಕೋಟಿಗೂ ಹೆಚ್ಚು ಎಚ್ಚರಿಕೆಗಳನ್ನು ತೋರಿಸುತ್ತಿತ್ತು. ಒಂದು ಟಿಕ್ ಗುರುತಿಗೆ ಕೆಲವೇ ರೂಪಾಯಿ, ಆದರೆ ಟಿಕ್‌ಗಳು ಕೋಟಿಗಟ್ಟಲೆ. ಹೆಸರು ಕೆಡುವುದನ್ನು ಲೆಕ್ಕಿಸದೆ ದೊಡ್ಡ ತಾಣಗಳೂ ಈ ದಾರಿಗೆ ಇಳಿದದ್ದುಂಟು. ಮುಕ್ತ ತಂತ್ರಾಂಶಗಳ ತವರೆಂದು ನಂಬಲಾಗಿದ್ದ ಸೋರ್ಸ್‌ಫೋರ್ಜ್ 2013ರಲ್ಲಿ ಇಂಥದೇ ಯೋಜನೆ ಆರಂಭಿಸಿತು. ಚಿತ್ರ ತಿದ್ದುವ ಉಚಿತ ತಂತ್ರಾಂಶವಾದ ಗಿಂಪ್‌ನವರು ಅದೇ ವರ್ಷ ಅಲ್ಲಿಂದ ಹೊರಬಂದರು. 2015ರಲ್ಲಿ ಅವರು ಬಿಟ್ಟುಬಂದ ಖಾತೆಯನ್ನು ತಾಣವೇ ತನ್ನ ವಶಕ್ಕೆ ತೆಗೆದುಕೊಂಡು, ಗಿಂಪ್‌ಗೆ ಜಾಹೀರಾತಿನ ಹೊದಿಕೆ ಸುತ್ತಿ ಹಂಚಿದ್ದು ದೊಡ್ಡ ಗಲಾಟೆಯಾಯಿತು. ಮರುವರ್ಷ ತಾಣದ ಒಡೆತನ ಬದಲಾಗಿ, ಹೊಸ ಒಡೆಯರು ಆ ಯೋಜನೆಯನ್ನು ನಿಲ್ಲಿಸಿದರು.

ಕಾವಲು ಎಲ್ಲಿ ತಪ್ಪಿತು

ವಿಂಡೋಸ್‌ನಲ್ಲೇ ಬರುವ ಡಿಫೆಂಡರ್ ಎಂಬ ಆ್ಯಂಟಿವೈರಸ್ ಇದನ್ನು ಏಕೆ ತಡೆಯಲಿಲ್ಲ ಎಂದು ಮಾಲೀಕರು ಕೇಳಿದರು. ‘ಬೇಡವಾಗಿರಬಹುದಾದ ಆ್ಯಪ್’ಗಳನ್ನು ತಡೆಯುವ ಆಯ್ಕೆ ವಿಂಡೋಸ್ 10ರಲ್ಲಿ 2020ರಿಂದ ಕಾಣಿಸಿಕೊಂಡಿದೆ, 2021ರ ಆಗಸ್ಟ್‌ನಿಂದ ಅದನ್ನು ತಾನಾಗಿಯೇ ಚಾಲೂ ಇರುವಂತೆ ಮಾಡಲಾಗಿದೆ. ಆದರೂ ಈ ಯಂತ್ರದಲ್ಲಿ ಅದು ಕೆಲಸ ಮಾಡದಿರಲು ಕಾರಣ ಅಂಗಡಿಯದೇ ಹಳೆಯ ಇತಿಹಾಸ. ಯಾರೋ ಒಬ್ಬರು ಹಿಂದೊಮ್ಮೆ ಡಿಟಿಪಿಯ ಹಳೆಯ ತಂತ್ರಾಂಶವೊಂದರ ‘ಕ್ರ್ಯಾಕ್’ ಪ್ರತಿ (ಪರವಾನಗಿ ಕೊಳ್ಳದೆ ಬಳಸುವ ಕಳ್ಳ ಪ್ರತಿ) ಹಾಕಿಕೊಡುವಾಗ, ಡಿಫೆಂಡರ್ ಅಡ್ಡ ಬರುತ್ತದೆಂದು ಇಡೀ ಡೌನ್‌ಲೋಡ್ಸ್ ಫೋಲ್ಡರನ್ನೇ ತಪಾಸಣೆಯಿಂದ ಹೊರಗಿಟ್ಟು ಹೋಗಿದ್ದರು. ಆ ವಿನಾಯಿತಿ ಹಾಗೆಯೇ ಉಳಿದು, ಅನಂತರ ಆ ಫೋಲ್ಡರಿಗೆ ಬಂದದ್ದೆಲ್ಲ ಕಾವಲಿನ ಕಣ್ಣು ತಪ್ಪಿಸಿಕೊಂಡಿತು. ಗಂಗಾವತಿಯಲ್ಲಿ, ಸಿಂಧನೂರಿನಲ್ಲಿ, ಬಳ್ಳಾರಿಯಲ್ಲಿ ನಾನು ನೋಡಿದ ಬಹುಪಾಲು ಡಿಟಿಪಿ ಅಂಗಡಿಗಳ ಯಂತ್ರಗಳಲ್ಲಿ ಇಂಥದೊಂದು ವಿನಾಯಿತಿ ಇದ್ದೇ ಇರುತ್ತದೆ.

ಮೇಲಾಗಿ, ಜೊತೆಯಲ್ಲಿ ಬಂದ ಆ್ಯಂಟಿವೈರಸ್ ತನ್ನನ್ನು ವಿಂಡೋಸ್‌ನಲ್ಲಿ ನೋಂದಾಯಿಸಿಕೊಂಡ ಕೂಡಲೇ, ಒಂದೇ ಯಂತ್ರದಲ್ಲಿ ಇಬ್ಬರು ಕಾವಲುಗಾರರು ಬೇಡವೆಂಬ ನಿಯಮದಂತೆ ಡಿಫೆಂಡರ್ ಹಿಂದೆ ಸರಿಯಿತು. ಆ ಆ್ಯಂಟಿವೈರಸ್ ಹೆಸರಾಂತ ಕಂಪನಿಯದೇ, ಅದು ವೈರಸ್ ಅಲ್ಲ. ಆದರೆ ಯಾರೂ ಕರೆಯದೆ ಬಂದು, ಇದ್ದವನನ್ನು ಎಬ್ಬಿಸಿ ಆ ಜಾಗದಲ್ಲಿ ಕುಳಿತು, ಅವಧಿ ಮುಗಿಯುತ್ತಿದ್ದಂತೆ ಸಂಬಳ ಕೇಳುವ ಕಾವಲುಗಾರ ಅದು. ನುಡಿಯ ತೊಂದರೆಯ ಮೂಲವೂ ಇದೇ. ಸಾಮಾನ್ಯ ಇಂಗ್ಲಿಷ್ ಕೀಬೋರ್ಡಿನಲ್ಲಿ ಒತ್ತಿದ ಕೀಲಿಯನ್ನು ನಡುವೆಯೇ ಹಿಡಿದು ಕನ್ನಡಾಕ್ಷರವಾಗಿಸುವುದು ನುಡಿಯಂಥ ತಂತ್ರಾಂಶದ ಕೆಲಸ. ಒತ್ತಿದ ಕೀಲಿಗಳನ್ನು ಕದ್ದು ನೋಡುವ ದುಷ್ಟ ತಂತ್ರಾಂಶವೂ ಮೇಲ್ನೋಟಕ್ಕೆ ಅದನ್ನೇ ಮಾಡುತ್ತದೆ. ಹೊಸ ಆ್ಯಂಟಿವೈರಸ್ ನುಡಿಯನ್ನು ಅನುಮಾನಿಸಿ ಅದರ ಒಂದು ಕಡತವನ್ನು ಪ್ರತ್ಯೇಕವಾಗಿ ಎತ್ತಿಟ್ಟಿತ್ತು. ಹೊಸ ಕೀಬೋರ್ಡಿಗೆ ಕೊಟ್ಟ ಹಣ ಹೀಗೆ ವ್ಯರ್ಥವಾಯಿತು.

ಕೆಂಪು ಪೆಟ್ಟಿಗೆಯ ‘ನೂರಾರು ದೋಷ’ಗಳನ್ನು ಒಂದೊಂದಾಗಿ ತೆರೆದು ಮಾಲೀಕರಿಗೆ ತೋರಿಸಿದೆ. ಬಹುಪಾಲು ಬ್ರೌಸರಿನ ಕುಕಿಗಳು (ಜಾಲತಾಣಗಳು ಇಟ್ಟುಹೋಗುವ ಸಣ್ಣ ಟಿಪ್ಪಣಿಗಳು) ಮತ್ತು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಉಳಿದ ಹಳೆಯ ಖಾಲಿ ನಮೂದುಗಳು. ಡ್ರೈವರ್‌ಗಳ ಪೈಕಿ ‘ಹಳೆಯದು’ ಎಂದು ಕೆಂಪಾಗಿ ತೋರಿಸಿದವು ಸರಿಯಾಗಿಯೇ ಕೆಲಸ ಮಾಡುತ್ತಿದ್ದವು. ಈ ಬಗೆಯ ‘ತಪಾಸಣೆ’ಯ ಬೆಲೆ ಎಷ್ಟೆಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಸಾಕು. ಅಲ್ಲಿನ ಆಫೀಸ್ ಡಿಪೋ ಮಳಿಗೆಗಳಲ್ಲಿ ನಡೆಸುತ್ತಿದ್ದ ಉಚಿತ ಕಂಪ್ಯೂಟರ್ ತಪಾಸಣೆಯಲ್ಲಿ, ಆರಂಭದಲ್ಲಿ ಕೇಳುವ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೆ ಟಿಕ್ ಹಾಕಿದರೂ ಸಾಕು, ಯಂತ್ರ ಹೇಗೇ ಇರಲಿ, ದೋಷದ ಲಕ್ಷಣ ಸಿಕ್ಕಿದೆ ಎಂದು ಫಲಿತಾಂಶ ಬರುತ್ತಿತ್ತು. 2019ರಲ್ಲಿ ಆ ಕಂಪನಿ ಮತ್ತು ಅದಕ್ಕೆ ತಂತ್ರಾಂಶ ಒದಗಿಸಿದ ಸಪೋರ್ಟ್.ಕಾಮ್ ಸೇರಿ ಅಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್‌ಗೆ 3.5 ಕೋಟಿ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಇದನ್ನು ಕೇಳಿದ ಮೇಲೆ ಮಾಲೀಕರು ಹಣ ಕಟ್ಟುವ ಯೋಚನೆ ಬಿಟ್ಟರು.

ಇಷ್ಟರಲ್ಲಿ ನಾನು ಗಂಭೀರವೆಂದು ಭಾವಿಸುವುದು ಬ್ರೌಸರ್ ವಿಸ್ತರಣೆಯನ್ನು. ಅದರ ಬಗ್ಗೆ ದೂರು ಹೇಳಿದವರೇ ಇರಲಿಲ್ಲ. ಹುಡುಗರು ಸರ್ಕಾರಿ ತಾಣದ ವಿಳಾಸವನ್ನು ಪೂರ್ತಿಯಾಗಿ ಟೈಪ್ ಮಾಡುವುದಿಲ್ಲ. ‘ಪಹಣಿ’ ಎಂದೋ ‘ಜಾತಿ ಆದಾಯ’ ಎಂದೋ ಹುಡುಕಿ, ಮೊದಲು ಬಂದದ್ದನ್ನು ಒತ್ತುತ್ತಾರೆ. ಹುಡುಕಾಟ ಬದಲಾದ ಮೇಲೆ ಮೊದಲ ಸಾಲುಗಳೆಲ್ಲ ಜಾಹೀರಾತುಗಳಾಗಿದ್ದವು. ಅವುಗಳಲ್ಲಿ ಒಂದು, ಸರ್ಕಾರಿ ಪುಟದ ಬಣ್ಣ-ವಿನ್ಯಾಸವನ್ನೇ ಹೋಲುವ ಖಾಸಗಿ ತಾಣಕ್ಕೆ ಹೋಗಿ, ಮೊಬೈಲ್ ಸಂಖ್ಯೆ ಕೇಳಿ, ಆಮೇಲೆ ‘ಸೇವಾ ಶುಲ್ಕ’ ಕೇಳುತ್ತಿತ್ತು. ಪಹಣಿಗೆಂದು ಬಂದ ಒಬ್ಬ ಹಿರಿಯ ಹೆಣ್ಣುಮಗಳಿಗೆ ಎಂದಿಗಿಂತ ಹೆಚ್ಚು ದುಡ್ಡು ಕೇಳಬೇಕಾಗಿ ಬಂದು, “ಯಾಕಪ್ಪಾ ತಮ್ಮಾ, ಹ್ವಾದ ಸಲ ಇಷ್ಟ ಇರಲಿಲ್ಲಲ್ಲಾ” ಎಂದು ಆಕೆ ತಗಾದೆ ತೆಗೆದ ಕಾರಣ ಹುಡುಗ ಆ ಪುಟವನ್ನು ಮುಚ್ಚಿದ್ದನಂತೆ. ಅದಕ್ಕಿಂತ ಹೆಚ್ಚಾಗಿ, ಆ ವಿಸ್ತರಣೆಗೆ ‘ಎಲ್ಲ ಜಾಲತಾಣಗಳಲ್ಲಿನ ನಿಮ್ಮ ಮಾಹಿತಿಯನ್ನು ಓದುವ ಮತ್ತು ಬದಲಿಸುವ’ ಅನುಮತಿ ಇತ್ತು. ಜನರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಮೊಬೈಲಿಗೆ ಬಂದ ಒಟಿಪಿ, ಎಲ್ಲವನ್ನೂ ಹಗಲೆಲ್ಲ ತುಂಬುವ ಯಂತ್ರವದು. ಮಾಹಿತಿ ಹೊರಗೆ ಹೋಯಿತೆಂಬುದಕ್ಕೆ ನನಗೆ ಪುರಾವೆ ಸಿಗಲಿಲ್ಲ. ಹೋಗಲು ಬಾಗಿಲು ತೆರೆದಿತ್ತೆಂಬುದು ಖಚಿತ.

ತೆಗೆದ ಕ್ರಮ

ಮೊದಲು ನೆಟ್ ಕೇಬಲ್ ಕಿತ್ತು, ಗ್ರಾಹಕರ ಕಡತಗಳ ಪ್ರತಿ ತೆಗೆದುಕೊಂಡೆ. ಆ್ಯಂಟಿವೈರಸ್ಸನ್ನು ಎಲ್ಲಕ್ಕಿಂತ ಮೊದಲು ತೆಗೆದದ್ದಕ್ಕೆ ಕಾರಣವಿದೆ: ಅದು ಹೋದರೆ ಡಿಫೆಂಡರ್ ಮರಳಿ ಎದ್ದು, ಉಳಿದ ಕೆಲಸಕ್ಕೆ ನೆರವಾಗುತ್ತದೆ. ನುಡಿಯೂ ಅಷ್ಟರಲ್ಲೇ ಸರಿಹೋಯಿತು. ಡ್ರೈವರ್ ತಂತ್ರಾಂಶ ಪಟ್ಟಿಯಿಂದ ಸುಲಭವಾಗಿ ಹೋಯಿತು, ಆದರೆ ನಿಗದಿತ ಕೆಲಸಗಳನ್ನು ತಾನಾಗಿ ನಡೆಸುವ ಟಾಸ್ಕ್ ಶೆಡ್ಯೂಲರಿನಲ್ಲಿ ಅದು ಬಿಟ್ಟುಹೋದ ಒಂದು ನಮೂದು ಯಂತ್ರ ಚಾಲೂ ಆದಾಗಲೆಲ್ಲ ಅದನ್ನು ಮತ್ತೆ ತರಿಸಲು ಹವಣಿಸುತ್ತಿತ್ತು. ಅದನ್ನು ಅಳಿಸದಿದ್ದರೆ ಒಂದು ವಾರದಲ್ಲಿ ಮೊದಲಿನ ಸ್ಥಿತಿಗೇ ಬರುತ್ತಿದ್ದೆವು.

ವಿಸ್ತರಣೆ ಮಾತ್ರ ಹಟ ಹಿಡಿಯಿತು. ಕ್ರೋಮ್‌ನಲ್ಲಿ ಅದರ ಮುಂದೆ ‘ತೆಗೆದುಹಾಕು’ ಗುಂಡಿಯೇ ಇರಲಿಲ್ಲ, ಬದಲಾಗಿ ‘ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂದಿತ್ತು. ದೊಡ್ಡ ಕಚೇರಿಗಳು ತಮ್ಮ ಯಂತ್ರಗಳಿಗೆ ನಿಯಮ ಹಾಕಲೆಂದು ಇರುವ ವ್ಯವಸ್ಥೆಯನ್ನು ದುರುಪಯೋಗ ಮಾಡಿಕೊಂಡು, ಇನ್‌ಸ್ಟಾಲರ್ ವಿಂಡೋಸ್ ರಿಜಿಸ್ಟ್ರಿಯಲ್ಲಿ ಕ್ರೋಮ್‌ನ ನೀತಿಗಳ ಅಡಿ ಈ ವಿಸ್ತರಣೆಯನ್ನು ಕಡ್ಡಾಯವೆಂದು ಬರೆದಿತ್ತು. ಮೂರು ಕಂಪ್ಯೂಟರಿನ ಅಂಗಡಿಗೆ ಯಾವ ‘ಸಂಸ್ಥೆ’? ಕ್ರೋಮ್‌ನ ಪಾಲಿಸಿ ಪುಟದಲ್ಲಿ ಆ ನಮೂದನ್ನು ಗುರುತಿಸಿ, ರಿಜಿಸ್ಟ್ರಿಯಿಂದ ತೆಗೆದ ಮೇಲೆ ವಿಸ್ತರಣೆ ತಾನಾಗಿ ಬಿದ್ದುಹೋಯಿತು. ಬಳಿಕ ಬ್ರೌಸರನ್ನು ಮರುಹೊಂದಿಸಿ, ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ಗಳ ತುದಿಗೆ ವಿಳಾಸ ಅಂಟಿಸಿದ್ದಾರೆಯೇ ಎಂದೂ, ಯಾವ ತಾಣಗಳಿಗೆ ನೋಟಿಫಿಕೇಶನ್ ಅನುಮತಿ ಇದೆ ಎಂದೂ ನೋಡಿದೆ. ಕೊನೆಗೆ ಮಾಲ್‌ವೇರ್‌ಬೈಟ್ಸ್‌ನ ಆ್ಯಡ್‌ಡಬ್ಲ್ಯುಕ್ಲೀನರ್ ಮತ್ತು ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಎರಡನ್ನೂ ಓಡಿಸಿದೆ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಇಂಥ ಶುದ್ಧೀಕರಣ ಉಪಕರಣಗಳನ್ನು ಉಚಿತವಾಗಿ ಕೊಡುತ್ತಿದೆ.

ಅಂಗಡಿಯ ಎಲ್ಲ ಲಾಗಿನ್‌ಗಳ ಪಾಸ್‌ವರ್ಡ್‌ಗಳನ್ನು ಬೇರೆ ಯಂತ್ರದಿಂದ ಬದಲಿಸಿ, ಹಳೆಯ ಸೆಶನ್‌ಗಳನ್ನು ಮುಚ್ಚಿಸಿದೆವು. ಆ ಅವಧಿಯಲ್ಲಿ ಆ ಯಂತ್ರದಲ್ಲಿ ಅರ್ಜಿ ತುಂಬಿಸಿದವರಿಗೆ ವಿಷಯ ತಿಳಿಸಿ, ಆಧಾರ್‌ನ ಬಯೊಮೆಟ್ರಿಕ್ ಬೀಗ (ಬೆರಳಚ್ಚನ್ನು ಬೇರೆಯವರು ಬಳಸದಂತೆ ತಡೆಯುವ ಏರ್ಪಾಡು) ಹಾಕಿಕೊಳ್ಳಲು ಹೇಳಬೇಕೆಂದು ನಾನು ಸೂಚಿಸಿದೆ. ಮಾಲೀಕರು ಗಿರಾಕಿಗಳು ಹೆದರಿ ಪಕ್ಕದ ಅಂಗಡಿಗೆ ಹೋಗುತ್ತಾರೆಂದು ಒಪ್ಪಲಿಲ್ಲ. ಅವರ ಭಯ ಅರ್ಥವಾಗುವಂಥದು, ಆದರೆ ಈ ವಿಷಯದಲ್ಲಿ ಅವರ ನಿರ್ಧಾರ ಸರಿಯೆಂದು ನನಗೆ ಅನ್ನಿಸುವುದಿಲ್ಲ.

ಕಾನೂನಿನ ಮಾತು ಬಂದಾಗ ಅವರು ಪೊಲೀಸ್ ಠಾಣೆಯನ್ನಷ್ಟೇ ನೆನೆದರು. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ, ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ನಿಷೇಧಿಸಿದೆ. ಗೊಂದಲದ ಮಾತಿನ ಪ್ರಶ್ನೆ ಕೇಳುವುದು, ಬೇಡದ ಗುಂಡಿಯನ್ನು ಎದ್ದು ಕಾಣಿಸಿ ಬೇಕಾದದ್ದನ್ನು ಮಸುಕಾಗಿಸುವುದು, ಇಲ್ಲದ ವೈರಸ್ ಇದೆಯೆಂದು ಹೆದರಿಸಿ ಹಣ ಕೀಳುವುದು, ಮೂರೂ ಆ ಪಟ್ಟಿಯಲ್ಲಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಹಣ ಹೋಗಿದ್ದರೆ ಸೈಬರ್ ವಂಚನೆಯ 1930. ಇಲ್ಲಿ ಹಣ ಹೋಗಿರಲಿಲ್ಲ, ತಾಣದವರು ಯಾವ ದೇಶದವರೆಂಬುದೂ ಪತ್ತೆಯಾಗಲಿಲ್ಲ. ಪರದೆಗಳ ಚಿತ್ರ ಸಹಿತ ಒಂದು ದೂರು ಹೋಯಿತು, ಅಷ್ಟೆ.

ಆಮೇಲಿನ ಏರ್ಪಾಡು

ಹುಡುಗರಿಗೆ ಎಚ್ಚರಿಕೆ ಹೇಳಿ ಮುಗಿಸುವ ಬದಲು, ಕೌಂಟರಿನ ಹೊತ್ತಿನಲ್ಲಿ ತಂತ್ರಾಂಶ ಹಾಕುವ ಅಗತ್ಯವನ್ನೂ ಅವಕಾಶವನ್ನೂ ಇಲ್ಲವಾಗಿಸುವುದು ನಮ್ಮ ಗುರಿಯಾಯಿತು. ಅಗತ್ಯದ ವಿಚಾರದಲ್ಲಿ ಒಂದು ಸಂಗತಿ ಮಾಲೀಕರನ್ನೇ ಬೆರಗುಗೊಳಿಸಿತು. ಸ್ಕ್ಯಾನ್ ಮಾಡಿದ ಚಿತ್ರಗಳನ್ನು ಫೋಲ್ಡರಿನಲ್ಲಿ ಒಟ್ಟಿಗೆ ಆಯ್ದು, ಪ್ರಿಂಟ್ ಒತ್ತಿ, ಪ್ರಿಂಟರಿನ ಜಾಗದಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿದರೆ ಎಲ್ಲವೂ ಸೇರಿ ಒಂದೇ ಪಿಡಿಎಫ್ ಆಗುತ್ತದೆ. ವಿಂಡೋಸ್ 10ರಿಂದೀಚೆಗೆ ಇದು ಯಂತ್ರದಲ್ಲೇ ಇದೆ. ಕೆಬಿ ಮಿತಿಗೆ, ಮೊದಲೇ ಕಡಿಮೆ ಡಿಪಿಐನಲ್ಲಿ (ಚಿತ್ರದ ಸೂಕ್ಷ್ಮತೆಯ ಅಳತೆ), ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಫೋಟೊ-ಸಹಿಯ ಅಳತೆ ಇಳಿಸಲು ಪೇಂಟ್ ಇದೆ. ಹುಡುಗ ಆ ದಿನ ಹುಡುಕಿಕೊಂಡು ಹೋದ ಕೆಲಸಕ್ಕೆ ಹೊಸ ತಂತ್ರಾಂಶವೇ ಬೇಕಿರಲಿಲ್ಲ. ಮೊದಲೇ ಇರುವ ಪಿಡಿಎಫ್‌ಗಳನ್ನು ಜೋಡಿಸಲು ‘ಪಿಡಿಎಫ್ ಅರೇಂಜರ್’ ಎಂಬ ಮುಕ್ತ ತಂತ್ರಾಂಶವನ್ನು ಅದರ ತಯಾರಕರ ಪುಟದಿಂದಲೇ ತಂದು ಹಾಕಿದೆ.

ಅವಕಾಶದ ವಿಚಾರದಲ್ಲಿ, ಮುಂಗಟ್ಟೆಯ ಎರಡೂ ಯಂತ್ರಗಳಲ್ಲಿ ಹುಡುಗರಿಗೆ ಸಾಮಾನ್ಯ ಬಳಕೆದಾರರ ಖಾತೆ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಮಾಲೀಕರ ಬಳಿ ಇಟ್ಟೆವು. ಇಷ್ಟೇ ಸಾಕೆಂದು ಬಹಳ ಮಂದಿ ತಿಳಿಯುತ್ತಾರೆ, ಸಾಲದು. ಈಗಿನ ಹಲವು ಇನ್‌ಸ್ಟಾಲರ್‌ಗಳು ಅಡ್ಮಿನ್ ಅನುಮತಿ ಕೇಳದೆ ಬಳಕೆದಾರರ ಸ್ವಂತ ಫೋಲ್ಡರಿನಲ್ಲೇ ಕುಳಿತುಬಿಡುತ್ತವೆ. ಆದ್ದರಿಂದ ಆ್ಯಪ್‌ಗಳನ್ನು ಮೈಕ್ರೋಸಾಫ್ಟ್ ಸ್ಟೋರಿನಿಂದ ಮಾತ್ರ ಹಾಕಿಕೊಳ್ಳುವಂತೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನಿರ್ಬಂಧಿಸಿ, ಕ್ರೋಮ್‌ನಲ್ಲಿ ಹೊಸ ವಿಸ್ತರಣೆಗಳನ್ನೆಲ್ಲ ತಡೆದು, ಡಿಜಿಟಲ್ ಸಹಿಗೆ ಬೇಕಾದ ಒಂದನ್ನು ಮಾತ್ರ ಬಿಟ್ಟೆ. ಇನ್‌ಸ್ಟಾಲರ್ ಬಳಸಿದ ಅದೇ ನೀತಿ ವ್ಯವಸ್ಥೆಯನ್ನು ಈ ಬಾರಿ ಅಂಗಡಿಯ ಪರವಾಗಿ ಬಳಸಿಕೊಂಡೆವು. ನುಡಿ, ಪ್ರಿಂಟರಿನ ಡ್ರೈವರ್, ಲಿಬ್ರೆಆಫೀಸ್ ಮುಂತಾದವನ್ನು ತಯಾರಕರ ತಾಣಗಳಿಂದ ಇಳಿಸಿ, ಎಸ್‌ಎಚ್‌ಎ-256 ಬೆರಳಚ್ಚು (ಕಡತ ಬದಲಾಗಿಲ್ಲವೆಂದು ತಿಳಿಸುವ ಸಂಕೇತ) ಪ್ರಕಟಿಸಿದವರದ್ದನ್ನು ವಿಂಡೋಸ್‌ನ ಸರ್ಟ್‌ಯುಟಿಲ್ ಆಜ್ಞೆಯಿಂದ ಹೋಲಿಸಿ ನೋಡಿ, ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಹುಡುಗರು ದಿನವೂ ಬಳಸುವ ಸರ್ಕಾರಿ ತಾಣಗಳ ವಿಳಾಸಗಳನ್ನು ಬುಕ್‌ಮಾರ್ಕ್ ಪಟ್ಟಿಗೆ ಸೇರಿಸಿದ ಮೇಲೆ ಹುಡುಕುವ ಪ್ರಸಂಗವೇ ಕಡಿಮೆಯಾಯಿತು.

ಹುಡುಗರಿಂದ ವಿರೋಧ ಬಂತು, ನಿರೀಕ್ಷಿಸಿದ್ದೇ. ಮಾಲೀಕರು ಊಟಕ್ಕೆ ಹೋದಾಗ ಏನಾದರೂ ಬೇಕಾದರೆ ಗಿರಾಕಿಯನ್ನು ಕಾಯಿಸಬೇಕಾಗುತ್ತದೆ ಎಂಬುದು ಅವರ ಆಕ್ಷೇಪ. ಹಾಗೆ ಬೇಕಾದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಸಂಜೆ ಅಂಗಡಿ ಖಾಲಿಯಾದ ಮೇಲೆ ಮಾಲೀಕರು ಹಾಕಿಕೊಡುತ್ತಾರೆ ಎಂದು ಒಪ್ಪಂದವಾಯಿತು. ಮೊದಲ ದಿನಗಳಲ್ಲಿ ನಾಲ್ಕಾರು ಬೇಡಿಕೆ ಬಂದವು, ಆಮೇಲೆ ಆ ಪುಟದಲ್ಲಿ ಹೊಸ ಬರಹ ಕಾಣುವುದು ಅಪರೂಪವಾಯಿತು.

ಒಳಗಿನ ಡಿಟಿಪಿ ಯಂತ್ರದ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಮುಂಗಟ್ಟೆಯ ಯಂತ್ರಗಳಲ್ಲಿ ಡೌನ್‌ಲೋಡ್ಸ್ ಫೋಲ್ಡರಿನ ವಿನಾಯಿತಿಯನ್ನು ತೆಗೆದಿದ್ದೇನೆ. ಒಳಗಿನದರಲ್ಲಿ ತೆಗೆದರೆ ಆ ಕ್ರ್ಯಾಕ್ ಪ್ರತಿ ನಿಂತುಹೋಗುತ್ತದೆ, ಪರವಾನಗಿ ಕೊಳ್ಳುವಷ್ಟು ಹಣ ಈ ಹಂಗಾಮಿನಲ್ಲಿ ಇಲ್ಲ ಎನ್ನುತ್ತಾರೆ ಮಾಲೀಕರು. ಸದ್ಯಕ್ಕೆ ಆ ಯಂತ್ರಕ್ಕೆ ಇಂಟರ್‌ನೆಟ್ ಸಂಪರ್ಕ ತಪ್ಪಿಸಿದ್ದೇವೆ. ಲಗ್ನಪತ್ರಿಕೆಯ ಕಡತಗಳು ಪೆನ್‌ಡ್ರೈವಿನಲ್ಲಿ ಓಡಾಡುತ್ತಿವೆ, ಪ್ರತಿ ಬಾರಿಯೂ ಮುಂಗಟ್ಟೆಯಲ್ಲಿ ಸ್ಕ್ಯಾನ್ ಮಾಡಿ ಒಳಗೆ ಕಳಿಸುತ್ತಾರೆ. ಇಂಕ್‌ಸ್ಕೇಪ್ ಮತ್ತು ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶಗಳಲ್ಲಿ ಅದೇ ಕೆಲಸ ಮಾಡಿ ನೋಡಲು ಅವರು ಒಪ್ಪಿದ್ದಾರೆ. ಆದರೆ ನುಡಿಯ ಹಳೆಯ ಅಕ್ಷರಗಳಲ್ಲಿರುವ ನೂರಾರು ಹಳೆಯ ಪತ್ರಿಕೆಗಳನ್ನು ಈಗಿನ ತಂತ್ರಾಂಶಗಳು ಓದಬಲ್ಲ ಯೂನಿಕೋಡ್‌ಗೆ ತರುವ ಕೆಲಸ ಅದಕ್ಕಿಂತ ಮೊದಲು ಆಗಬೇಕಿದೆ.